ಬಣ್ಣ ಆಮೇಲೆ, ಹಿಂದಿನ ಚಕ್ರ ಮೊದಲು

ಪ್ರಶ್ನೆ: ಹತ್ತು ಗೇರಿನ ಹಳೆಯ ಸ್ಟೀಲ್ ರೋಡ್ ಸೈಕಲ್ ಒಂದು ಮೂಲೆಯಲ್ಲಿ ಬಿದ್ದಿದೆ. ಅದನ್ನು ಫಿಕ್ಸ್ಡ್ ಗೇರ್ ಮಾಡುವ ಆಸೆ. ಬಣ್ಣ ಆಗಲೇ ಆರಿಸಿಟ್ಟಿದ್ದೇನೆ: ಮಾಸಲು ಹಸಿರು ಫ್ರೇಮ್, ಕಿತ್ತಳೆ ರಿಮ್. ಹಿಂದಿನ ಚಕ್ರ ಚೆನ್ನಾಗಿದೆ. ಅದರ ಫ್ರೀವೀಲ್ ಬಿಚ್ಚಿ, ಫಿಕ್ಸ್ಡ್ ಕಾಗ್ (ಹಿಂದಿನ ಹಲ್ಲಿನ ಚಕ್ರ) ಹಾಕಿ, ಅಂಟು ಹಚ್ಚಿ ಬಿಗಿದರೆ ಸಾಕು ಅಂತ ಗೆಳೆಯ ಹೇಳುತ್ತಾನೆ. ನಿಜವಾ? ಹೊಸ ಚಕ್ರ ಬೇಕೆಂದರೆ ನಾನೇ ಕಟ್ಟಬಹುದಾ? ಸ್ಪ್ರೇ ಡಬ್ಬಿಯ ಬಣ್ಣ ಬಾಳಿಕೆ ಬರುತ್ತದಾ? ಬ್ರೇಕ್ ಇಲ್ಲದಿದ್ದರೆ ಸೈಕಲ್ ಇನ್ನೂ ಚೆಂದ, ಬಿಟ್ಟುಬಿಡಲಾ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಬಣ್ಣ ಮೊದಲು ಬಂತು, ಬ್ರೇಕ್ ಕೊನೆಗೆ ಬಂತು. ತಪ್ಪೇನಿಲ್ಲ, ನಾನೂ ಹೀಗೇ ಶುರು ಮಾಡಿದವನು. ಮೊದಲ ಫಿಕ್ಸಿಗೆ ಮೂರು ವಾರ ಕೂತು ಬಣ್ಣ ಹೊಡೆದೆ. ಹಿಂದಿನ ಆಕ್ಸಲ್ ಕೂರುವ ಸೀಳಿನ ಮೇಲೂ ದಪ್ಪಗೆ, ನುಣ್ಣಗೆ ಹೊಡೆದೆ. ಮೊದಲ ಏರಿನಲ್ಲೇ ಎದ್ದು ನಿಂತು ತುಳಿದಾಗ ನಟ್ಟಿನ ಕೆಳಗಿನ ಬಣ್ಣ ಪುಡಿಯಾಗಿ ಚಕ್ರ ಓರೆಯಾಯಿತು, ಟೈರು ಫ್ರೇಮಿಗೆ ಉಜ್ಜಿ ನಿಂತಿತು. ಏರು ಆಗಿದ್ದರಿಂದ ಬದುಕಿದೆ. ಇಳಿಜಾರಿನಲ್ಲಿ ಆಗಿದ್ದರೆ ಈ ಉತ್ತರ ಬೇರೆ ಯಾರೋ ಬರೆಯಬೇಕಿತ್ತು.

ಮಾಮೂಲಿ ಸೈಕಲಿನಲ್ಲಿ ತುಳಿಯುವುದು ನಿಲ್ಲಿಸಿದರೂ ಚಕ್ರ ತಿರುಗುತ್ತಲೇ ಇರುತ್ತದೆ. ಟಿಕಿಟಿಕಿ ಅಂತ ಸದ್ದು ಮಾಡುವ ಫ್ರೀವೀಲಿನ ಕೆಲಸ ಅದು. ಫಿಕ್ಸಿಯಲ್ಲಿ ಅದು ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ. ಕಾಲು ಹಿಂದಕ್ಕೆ ಒತ್ತಿದರೆ ಚಕ್ರ ನಿಧಾನವಾಗುತ್ತದೆ. ಅಂದರೆ ಚೈನು, ಕಾಗ್, ಆಕ್ಸಲ್, ಕಡ್ಡಿ ಎಲ್ಲದರ ಮೇಲೂ ಬಲ ಎರಡೂ ದಿಕ್ಕಿಗೆ ಬೀಳುತ್ತದೆ. ಮಾಮೂಲಿ ಸೈಕಲಿನಲ್ಲಿ ಒಂದು ಸ್ವಲ್ಪ ಜಾರಿದರೂ ನಡೆಯುವ ಜಾಗಗಳು ಇಲ್ಲಿ ಜಾರುವ ಹಾಗಿಲ್ಲ. ಹಾಗಾಗಿ ಆ ಜಾಗಗಳನ್ನೇ ಒಂದೊಂದಾಗಿ ನೋಡೋಣ.

ಮೊದಲು ಫ್ರೇಮಿನ ಹಿಂದಿನ ತುದಿ. ಆಕ್ಸಲ್ ಕೂರುವ ಸೀಳನ್ನು ಡ್ರಾಪ್‌ಔಟ್ ಅನ್ನುತ್ತಾರೆ. ಅದು ಅಡ್ಡಕ್ಕೆ ಉದ್ದವಾಗಿದ್ದರೆ ನೀವು ಅದೃಷ್ಟವಂತರು. ಚಕ್ರವನ್ನು ಹಿಂದಕ್ಕೆ ಎಳೆದು ಚೈನು ಬಿಗಿ ಮಾಡಬಹುದು. ಹತ್ತು ಗೇರಿನ ಕಾಲದ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ. ಸೀಳು ನೇರ ಕೆಳಗೆ ಬಾಯಿ ತೆರೆದಿದ್ದರೆ ಕಷ್ಟ, ಚಕ್ರ ಹಿಂದೆ ಮುಂದೆ ಸರಿಯುವುದಿಲ್ಲ. ಸಿಂಗಲ್ ಸ್ಪೀಡ್ ಸೈಕಲಿಗೆ ಹಾಕುವ ಸ್ಪ್ರಿಂಗಿನಿಂದ ಚೈನು ಬಿಗಿ ಹಿಡಿಯುವ ಟೆನ್ಷನರ್ ಹಾಕಿದರಾಯ್ತು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಕಾಲು ಹಿಂದಕ್ಕೆ ಒತ್ತಿದಾಗ ಕೆಳಗಿನ ಚೈನು ತಂತಿಯ ಹಾಗೆ ಬಿಗಿಯುತ್ತದೆ, ಟೆನ್ಷನರನ್ನು ಮುರಿದೇ ಹಾಕುತ್ತದೆ. ಅಂಥ ಫ್ರೇಮಿಗೆ ಆಕ್ಸಲ್ ನಡುವಿನಿಂದ ಸ್ವಲ್ಪ ಪಕ್ಕಕ್ಕಿರುವ ವಿಶೇಷ ಹಬ್ (ಚಕ್ರದ ನಡುವಿನ ಭಾಗ) ಬೇಕು. ಮೊದಲ ಪ್ರಯತ್ನಕ್ಕೆ ಆ ತಾಪತ್ರಯ ಬೇಡ, ಬೇರೆ ಫ್ರೇಮ್ ಹುಡುಕಿ.

ಆಮೇಲೆ ಎರಡು ಡ್ರಾಪ್‌ಔಟುಗಳ ನಡುವಿನ ಅಂತರ ಅಳೆಯಿರಿ. ರೇಸ್ ಟ್ರ್ಯಾಕಿನ ಫಿಕ್ಸ್ಡ್ ಸೈಕಲಿಗೆ ಹಾಕುವ ಟ್ರ್ಯಾಕ್ ಹಬ್ 120 ಮಿ.ಮೀ. ಅಗಲಕ್ಕೆ ಮಾಡಿದ್ದು. ನಿಮ್ಮದು 120 ಇದ್ದರೆ ನೇರವಾಗಿ ಕೂರುತ್ತದೆ. 126 ಬಂದರೆ ಉದ್ದದ ಆಕ್ಸಲ್ ಹಾಕಿಸಿ ಎರಡೂ ಕಡೆ 3 ಮಿ.ಮೀ. ವಾಷರ್ ಕೊಡಿ. ಸ್ಟೀಲ್ ಫ್ರೇಮನ್ನು ಬಗ್ಗಿಸಿ ಹೊಂದಿಸಲೂಬಹುದು, ಆದರೆ ಫ್ರೇಮಿನ ಹಿಂದಿನ ಎರಡೂ ಕಾಲು ಸಮವಾಗಿ ಬಾಗಿವೆಯಾ, ಡ್ರಾಪ್‌ಔಟುಗಳು ಒಂದಕ್ಕೊಂದು ಸಮಾನಾಂತರವಾಗಿವೆಯಾ ಅಂತ ಅಳೆದು ನೋಡುವ ಸಾಮಾನು ಇರುವವರ ಕೈಯಲ್ಲೇ ಮಾಡಿಸಿ. ಅಲ್ಯೂಮಿನಿಯಂ ಫ್ರೇಮನ್ನು ಬಗ್ಗಿಸಲೇಬಾರದು.

ಈಗ ನಿಮ್ಮ ಗೆಳೆಯನ ಉಪಾಯಕ್ಕೆ ಬರೋಣ. ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಅದೇ ಅಪಾಯ. ಫ್ರೀವೀಲ್ ಕೂರುವ ಥ್ರೆಡ್ ಮತ್ತು ಟ್ರ್ಯಾಕ್ ಕಾಗಿನ ಥ್ರೆಡ್ ಬಹುತೇಕ ಒಂದೇ ಅಳತೆ: ಅಡ್ಡಳತೆ ಸುಮಾರು 1.37 ಇಂಚು, ಇಂಚಿಗೆ 24 ಸುತ್ತು. ಆದ್ದರಿಂದ ಕಾಗ್ ಸಲೀಸಾಗಿ ಕೂರುತ್ತದೆ. ಮುಂದಕ್ಕೆ ತುಳಿದರೆ ಇನ್ನೂ ಬಿಗಿಯಾಗುತ್ತದೆ. ಹಿಂದಕ್ಕೆ ಒತ್ತಿದರೆ? ಅದೇ ಥ್ರೆಡ್ಡಿನಲ್ಲಿ ಬಿಚ್ಚಿಕೊಳ್ಳಲು ನೋಡುತ್ತದೆ. ಚಕ್ರ ನಿಧಾನ ಮಾಡಬೇಕಾದ ಹೊತ್ತಿನಲ್ಲೇ ಅದು ಬಿಚ್ಚಿಕೊಳ್ಳುವುದು.

ನಿಜವಾದ ಟ್ರ್ಯಾಕ್ ಹಬ್‌ನಲ್ಲಿ ಎರಡು ಮೆಟ್ಟಿಲು ಇರುತ್ತದೆ. ಒಳಗಿನ ದೊಡ್ಡ ಮೆಟ್ಟಿಲಿಗೆ ಮಾಮೂಲಿ ಬಲಗೈ ಥ್ರೆಡ್, ಅಲ್ಲಿ ಕಾಗ್ ಕೂರುತ್ತದೆ. ಹೊರಗಿನ ಸಣ್ಣ ಮೆಟ್ಟಿಲಿಗೆ ಉಲ್ಟಾ ಥ್ರೆಡ್, ಅಲ್ಲಿ ಕಾಗನ್ನು ಒತ್ತಿ ಹಿಡಿಯುವ ಬಳೆ, ಅಂದರೆ ಲಾಕ್‌ರಿಂಗ್ ಕೂರುತ್ತದೆ. ಕಾಗ್ ಬಿಚ್ಚಿಕೊಳ್ಳಲು ತಿರುಗಿದರೆ ಲಾಕ್‌ರಿಂಗ್ ಅದೇ ದಿಕ್ಕಿನಲ್ಲಿ ಬಿಗಿಯುತ್ತದೆ. ಒಂದು ಸಡಿಲವಾಗಬೇಕೆಂದರೆ ಇನ್ನೊಂದು ಬಿಡುವುದಿಲ್ಲ. ಸರಳ ಉಪಾಯ, ಆದರೆ ಇಡೀ ಸೈಕಲ್ ನಿಂತಿರುವುದೇ ಅದರ ಮೇಲೆ. ಫ್ರೀವೀಲ್ ಹಬ್‌ನಲ್ಲಿ ಈ ಎರಡನೇ ಮೆಟ್ಟಿಲು ಇಲ್ಲ. ಪೆಡಲಿನ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ಟಿನ ಲಾಕ್‌ರಿಂಗೂ ಅದೇ ಅಳತೆಯದಾದ್ದರಿಂದ ಕೆಲವರು ಅದನ್ನು ಹಾಕಿ, ಮೇಲೆ ಅಂಟು ಸುರಿದು ಓಡಿಸುತ್ತಾರೆ. ಅದರದ್ದೂ ಬಲಗೈ ಥ್ರೆಡ್ಡೇ, ಕಾಗ್ ಜತೆಗೇ ಅದೂ ಬಿಚ್ಚುತ್ತದೆ. ಸೈಕಲ್ ಮಂದಿ ಇದಕ್ಕೆ ಇಟ್ಟ ಹೆಸರು ಸೂಸೈಡ್ ಹಬ್. ಆರು ತಿಂಗಳು ಏನೂ ಆಗದೆ ಓಡಬಹುದು. ಹಾಗೆ ಓಡಿದವರೇ ಇನ್ನೊಬ್ಬರಿಗೆ ಸಲಹೆ ಕೊಡುವುದು.

ಹಾಗಾಗಿ ದುಡ್ಡು ಹಾಕುವುದಾದರೆ ಹಿಂದಿನ ಹಬ್‌ಗೇ ಹಾಕಿ. ಒಂದು ಕಡೆ ಫಿಕ್ಸ್ಡ್, ಇನ್ನೊಂದು ಕಡೆ ಫ್ರೀವೀಲ್ ಕೂರುವ ಫ್ಲಿಪ್-ಫ್ಲಾಪ್ ಹಬ್ ತೆಗೆದುಕೊಂಡರೆ ಕಾಲು ಸೋತ ದಿನ ಚಕ್ರ ತಿರುಗಿಸಿ ಹಾಕಿಕೊಳ್ಳಬಹುದು. ಇದು ಹೊಸ ಶೋಕಿಯೇನಲ್ಲ. ಟೂರ್ ದ ಫ್ರಾನ್ಸ್‌ನಲ್ಲಿ 1937ರವರೆಗೆ ಗೇರ್ ಬದಲಿಸುವ ಡಿರೇಲರ್‌ಗೆ ಅನುಮತಿಯೇ ಇರಲಿಲ್ಲ. ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ ಮತ್ತೆ ಹತ್ತುತ್ತಿದ್ದರು.

ಕಾಗ್ ಹಾಕುವಾಗ ಥ್ರೆಡ್‌ಗೆ ಗ್ರೀಸ್ ಹಚ್ಚಿ. ಕಾಗ್ ತಿರುಗಿಸುವ ಸಾಧನ ಚೈನ್ ವಿಪ್ ಹಿಡಿದು ಮೈಭಾರ ಹಾಕಿ ಬಿಗಿಯಿರಿ. ಲಾಕ್‌ರಿಂಗ್ ಬಿಗಿಯಿರಿ. ಒಂದು ಏರು ಹತ್ತಿ ಬನ್ನಿ, ಕಾಗ್ ಇನ್ನೊಂದಿಷ್ಟು ಒಳಗೆ ಕೂತಿರುತ್ತದೆ. ಆಗ ಲಾಕ್‌ರಿಂಗ್ ಮತ್ತೆ ಬಿಗಿಯಿರಿ. ಈ ಎರಡನೇ ಬಿಗಿತವನ್ನೇ ಎಲ್ಲರೂ ಮರೆಯುವುದು.

ಹಲ್ಲಿನ ಲೆಕ್ಕ ಬೇಗ ಮುಗಿಸುತ್ತೇನೆ. ಮುಂದೆ 46, ಹಿಂದೆ 17 ಹಾಕಿ. ಪೆಡಲ್ ಒಂದು ಸುತ್ತು ಬಂದರೆ ಚಕ್ರ 2.7 ಸುತ್ತು ಬರುತ್ತದೆ, ಸೈಕಲ್ ಸುಮಾರು 5.7 ಮೀಟರ್ ಹೋಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 30 ಕಿ.ಮೀ. ದಾಟುತ್ತದೆ. ಶುರುವಿಗೆ ಇದಕ್ಕಿಂತ ಭಾರದ ಗೇರ್ ಬೇಡ. ಇನ್ನೊಂದು ಮಾತು, 48ಕ್ಕೆ 16 ಮಾತ್ರ ಹಾಕಬೇಡಿ. ಸರಿಯಾಗಿ ಮೂರು ಪಾಲು ಆಗುವುದರಿಂದ, ಚಕ್ರ ಲಾಕ್ ಮಾಡಿ ಜಾರಿಸಿದಾಗಲೆಲ್ಲ ಟೈರಿನ ಅದೇ ಒಂದು ಜಾಗ ನೆಲಕ್ಕೆ ಉಜ್ಜುತ್ತದೆ. ಅಷ್ಟರಲ್ಲೇ ಟೈರು ತೂತು. 46ಕ್ಕೆ 17 ಆದರೆ ಸವೆತ 17 ಜಾಗಗಳಿಗೆ ಹಂಚಿಹೋಗುತ್ತದೆ.

ಚೈನು ಮೇಲಿನಿಂದ ನೋಡಿದರೆ ನೇರ ಗೆರೆ ಇರಬೇಕು. ಟ್ರ್ಯಾಕ್ ಹಬ್‌ನಲ್ಲಿ ಕಾಗ್ ಸೈಕಲಿನ ನಡುಗೆರೆಯಿಂದ ಸಾಮಾನ್ಯವಾಗಿ 42 ಮಿ.ಮೀ. ದೂರ ಕೂರುತ್ತದೆ. ನಿಮ್ಮ ಹಳೆಯ ಕ್ರ್ಯಾಂಕಿನಲ್ಲಿ (ಪೆಡಲ್ ಕೂರುವ ತೋಳು) ಎರಡು ರಿಂಗ್, ಅಂದರೆ ಮುಂದಿನ ಹಲ್ಲಿನ ಚಕ್ರ, ಇದ್ದರೆ ಒಳಗಿನ ಜಾಗಕ್ಕೆ ಒಂದೇ ರಿಂಗ್ ಹಾಕಿ ಅಳೆಯಿರಿ, ಬಹಳಷ್ಟು ಸಲ ಅಲ್ಲೇ ಸರಿಹೋಗುತ್ತದೆ. ಚೈನಿನ ಬಿಗಿತಕ್ಕೆ ನಡುವೆ ಬೆರಳಿಟ್ಟು ಎತ್ತಿ ಇಳಿಸಿ ನೋಡಿ, ಒಂದು ಸೆಂ.ಮೀ. ಆಚೀಚೆ ಆಡಬೇಕು. ಕ್ರ್ಯಾಂಕ್ ತಿರುಗಿಸುತ್ತಾ ಹೋದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಸಿಕ್ಕೇ ಸಿಗುತ್ತದೆ, ಯಾವ ರಿಂಗೂ ಪೂರ್ತಿ ದುಂಡಗಿರುವುದಿಲ್ಲ. ಅತಿ ಬಿಗಿಯಾದ ಜಾಗದಲ್ಲೂ ಚೂರು ಆಟ ಉಳಿಯುವ ಹಾಗೆ ನೋಡಿಕೊಳ್ಳಿ.

ಇಲ್ಲಿ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಸೈಕಲ್ ತಲೆಕೆಳಗೆ ನಿಲ್ಲಿಸಿ, ಚಕ್ರ ತಿರುಗಿಸುತ್ತಾ, ಬಟ್ಟೆ ಹಿಡಿದು ಚೈನು ಒರೆಸುವ ಅಭ್ಯಾಸ ಇದ್ದರೆ ಇಂದೇ ಬಿಡಿ. ಮಾಮೂಲಿ ಸೈಕಲಿನಲ್ಲಿ ಬೆರಳು ಸಿಕ್ಕಿದರೆ ಕ್ರ್ಯಾಂಕ್ ನಿಲ್ಲಬಹುದು. ಫಿಕ್ಸಿಯಲ್ಲಿ ತಿರುಗುವ ಚಕ್ರದ ವೇಗವೆಲ್ಲ ಚೈನಿಗೇ ಬರುತ್ತದೆ, ಬೆರಳು ಹಲ್ಲಿನ ಆಚೆ ಹೋಗಿಯೇ ನಿಲ್ಲುವುದು. ಬೆರಳ ತುದಿ ಕಳೆದುಕೊಂಡವರು ಇದ್ದಾರೆ. ಪ್ಯಾಂಟಿನ ಅಂಚು, ಶೂ ಲೇಸು ಕೂಡ ಒಳಗೆ ಸಿಕ್ಕಿಸಿಕೊಂಡೇ ಹತ್ತಿ.

ಚಕ್ರ ನೀವೇ ಕಟ್ಟಬಹುದಾ ಅಂದಿರಿ. ಖಂಡಿತ ಕಟ್ಟಬಹುದು. ಕಲಿಯುವುದಕ್ಕೆ ಫಿಕ್ಸಿಯ ಹಿಂದಿನ ಚಕ್ರಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಗೇರ್ ಸೈಕಲಿನ ಹಿಂದಿನ ಚಕ್ರದಲ್ಲಿ ಬಲಗಡೆ ಕಾಗುಗಳಿಗೆ ಜಾಗ ಬಿಡಬೇಕು. ಆದ್ದರಿಂದ ಬಲಗಡೆಯ ಕಡ್ಡಿ ಬಿಗಿ, ಎಡಗಡೆಯದು ಸಡಿಲ. ಎರಡೂ ಕಡೆ ಥ್ರೆಡ್ ಇರುವ ಟ್ರ್ಯಾಕ್ ಹಬ್‌ನಲ್ಲಿ ಆ ಗೋಳಿಲ್ಲ. ರಿಮ್ ನಟ್ಟನಡುವೆ ನಿಲ್ಲುತ್ತದೆ, ಎರಡೂ ಕಡೆ ಕಡ್ಡಿ ಒಂದೇ ಉದ್ದ, ಒಂದೇ ಬಿಗಿ. ಚಕ್ರವೂ ಗಟ್ಟಿ.

32 ತೂತಿನ ಹಬ್, 32 ತೂತಿನ ರಿಮ್ ತೆಗೆದುಕೊಳ್ಳಿ. ಮೈಭಾರ ಜಾಸ್ತಿ ಇದ್ದರೆ 36. ಜಪಾನಿನಲ್ಲಿ 1948ರಲ್ಲಿ ಶುರುವಾದ ಕೇರಿನ್ ಟ್ರ್ಯಾಕ್ ರೇಸಿನ ಸಾಂಪ್ರದಾಯಿಕ ಸೈಕಲುಗಳನ್ನು ನೋಡಿ, ಸ್ಟೀಲ್ ಫ್ರೇಮ್, 36 ಕಡ್ಡಿಯ ಚಕ್ರ. ಅಷ್ಟು ಬಲದಲ್ಲಿ ತುಳಿಯುವವರಿಗೇ ಅದು ಸಾಕಾದರೆ ನಮಗೆ ಸಾಲದೇ? ಅಗಲ ರಿಮ್ಮಿಗೆ ನಾಲ್ಕೇ ಕಡ್ಡಿ ಕಾಣುವ ಶೋಕಿ ಚಕ್ರಗಳ ಆಸೆಗೆ ಬೀಳಬೇಡಿ.

ಹೊಸ ರಿಮ್ ಕೊಳ್ಳುವ ಮುಂಚೆ ಹಳೆಯ ಟೈರಿನ ಮೇಲಿನ ಅಳತೆ ಓದಿ. ಹತ್ತು ಗೇರಿನ ಹಳೆಯ ಸೈಕಲುಗಳಲ್ಲಿ ಎಷ್ಟೋ 27 ಇಂಚಿನವು. ಟೈರು ಕೂರುವ ಜಾಗದಲ್ಲಿ ಆ ರಿಮ್ಮಿನ ಅಡ್ಡಳತೆ 630 ಮಿ.ಮೀ. ಈಗಿನ 700ಸಿ ರಿಮ್ಮಿನದು 622. ಫ್ರೇಮಿಗೆ 700ಸಿ ಆರಾಮಾಗಿ ಹಿಡಿಸುತ್ತದೆ, ಆದರೆ ಬ್ರೇಕ್ ರಬ್ಬರ್ 4 ಮಿ.ಮೀ. ಕೆಳಗೆ ಇಳಿಯಬೇಕು. ಬ್ರೇಕಿನ ತೋಳು ಅಷ್ಟು ಉದ್ದ ಇದೆಯಾ ನೋಡಿಕೊಳ್ಳಿ.

ಕಡ್ಡಿಯ ಉದ್ದದಲ್ಲಿ ಅಂದಾಜು ನಡೆಯುವುದಿಲ್ಲ. ಪೆಟ್ಟಿಗೆ ಮೇಲಿನ ಅಳತೆ ನಂಬದೆ ರಿಮ್ ನೀವೇ ಅಳೆಯಿರಿ. ಎದುರುಬದುರು ತೂತಿಗೆ ಎರಡು ಕಡ್ಡಿ, ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟು) ಸಮೇತ ಹಾಕಿ ಎಳೆದು ಹಿಡಿದು, ಕಡ್ಡಿಯ ತುದಿ ನಿಂತಿರಬೇಕಾದ ಜಾಗದಿಂದ ಜಾಗಕ್ಕೆ ಅಳೆಯುವುದು. ಹಬ್‌ನಲ್ಲಿ ಕಡ್ಡಿ ತೂತುಗಳ ವೃತ್ತದ ಅಡ್ಡಳತೆ, ನಡುವಿನಿಂದ ಆ ತೂತುಗಳಿರುವ ಅಂಚಿಗೆ, ಅಂದರೆ ಫ್ಲಾಂಜ್‌ಗಿರುವ ದೂರ, ಎರಡೂ ಬೇಕು. ಈ ಮೂರು ಅಂಕಿ ಯಾವುದೇ ಕಡ್ಡಿ ಲೆಕ್ಕದ ಕ್ಯಾಲ್ಕುಲೇಟರಿಗೆ ಕೊಟ್ಟರೆ ಉತ್ತರ ಬರುತ್ತದೆ. ಉದಾಹರಣೆಗೆ ರಿಮ್ 600, ತೂತುಗಳ ವೃತ್ತ 63, ಫ್ಲಾಂಜ್ ದೂರ 35 ಮಿ.ಮೀ. ಇದ್ದು, 32 ಕಡ್ಡಿಯನ್ನು ಮೂರು ಅಡ್ಡ ಹೆಣೆದರೆ ಸುಮಾರು 290 ಮಿ.ಮೀ. ಕಡ್ಡಿ ಬೇಕು. ಮೂರು ಅಡ್ಡ ಅಂದರೆ ಪ್ರತಿ ಕಡ್ಡಿ ತನ್ನ ಕಡೆಯ ಮೂರು ಕಡ್ಡಿಗಳನ್ನು ದಾಟಿ ರಿಮ್ ಸೇರುತ್ತದೆ. ಮೊದಲೆರಡರ ಹೊರಗಿಂದ ಹಾಯ್ದು, ಮೂರನೆಯದರ ಒಳಗೆ ನುಸುಳುತ್ತದೆ, ಅಥವಾ ಇದರ ಉಲ್ಟಾ. ಹಬ್‌ನಿಂದ ನೇರ ರಿಮ್ಮಿಗೆ ಹೋಗುವ ರೇಡಿಯಲ್ ಹೆಣಿಗೆ ಹಿಂದಿನ ಚಕ್ರಕ್ಕೆ ಬೇಡವೇ ಬೇಡ. ನೇರ ಕಡ್ಡಿ ತಿರುಚುವ ಬಲ ಹೊರುವುದಿಲ್ಲ, ಫಿಕ್ಸಿಯಲ್ಲಂತೂ ಆ ಬಲ ಎರಡೂ ದಿಕ್ಕಿಗೆ.

ಹೆಣೆಯುವಾಗ ವಾಲ್ವ್ ತೂತಿನ ಪಕ್ಕದಿಂದ ಶುರು ಮಾಡಿ. ಮುಗಿದ ಮೇಲೆ ವಾಲ್ವಿನ ಎರಡೂ ಕಡೆಯ ಕಡ್ಡಿಗಳು ಅಗಲಕ್ಕೆ ಬಿಟ್ಟಿರಬೇಕು, ಇಲ್ಲವಾದರೆ ಪಂಪಿನ ತಲೆ ಒಳಗೆ ಹೋಗುವುದಿಲ್ಲ. ನನ್ನ ಮೊದಲ ಚಕ್ರವನ್ನು ಇದೊಂದೇ ತಪ್ಪಿಗೆ ಪೂರ್ತಿ ಬಿಚ್ಚಿ ಮತ್ತೆ ಹೆಣೆದೆ. ಕಡ್ಡಿಯ ಥ್ರೆಡ್‌ಗೆ ಒಂದು ಹನಿ ಎಣ್ಣೆ ಹಚ್ಚಿ. ಎಲ್ಲ ನಿಪ್ಪಲ್ಲನ್ನೂ ಒಂದೇ ಅಳತೆಗೆ ತಂದು, ಆಮೇಲೆ ಅರ್ಧ ಸುತ್ತು, ಕಾಲು ಸುತ್ತು ಅಂತ ಸಮವಾಗಿ ಏರಿಸುತ್ತಾ ಹೋಗಿ.

ಬೆಂಡ್ ತೆಗೆಯಲು ಸ್ಟ್ಯಾಂಡ್ ಇಲ್ಲವೇ? ಸೈಕಲನ್ನೇ ತಲೆಕೆಳಗೆ ನಿಲ್ಲಿಸಿ, ಫ್ರೇಮಿಗೆ ಪ್ಲಾಸ್ಟಿಕ್ ಟೈ ಕಟ್ಟಿ, ಅದರ ತುದಿ ರಿಮ್ಮಿಗೆ ತಾಗುವ ಹಾಗೆ ಕತ್ತರಿಸಿ. ಮೊದಲು ಏರಿಳಿತ ಸರಿ ಮಾಡಿ, ಆಮೇಲೆ ಅಕ್ಕಪಕ್ಕದ ಬೆಂಡು. ಉಲ್ಟಾ ಮಾಡಿದರೆ ಕೊನೆಗೆ ಏರಿಳಿತ ಹೋಗುವುದೇ ಇಲ್ಲ. ನಡುವಿಗೆ ಬಂದಿದೆಯಾ ಅಂತ ನೋಡಲು ಚಕ್ರ ತಿರುಗಿಸಿ ಹಾಕಿ. ಟೈಯಿಂದ ದೂರ ಎರಡೂ ಸಲ ಒಂದೇ ಇದ್ದರೆ ಸರಿ. ಅರ್ಧ ಮಿ.ಮೀ. ಒಳಗೆ ಬಂದರೆ ಸಾಕು, ಅದಕ್ಕಿಂತ ಹಟ ಬೇಡ.

ಬಿಗಿತ ಸಾಮಾನ್ಯವಾಗಿ ಪ್ರತಿ ಕಡ್ಡಿಗೆ 100ರಿಂದ 120 ಕೆ.ಜಿ. ಬಲ. ರಿಮ್ ಮಾಡಿದವರು ಕಡಿಮೆ ಹೇಳಿದ್ದರೆ ಅದೇ ಮಿತಿ. ಬಿಗಿತ ಅಳೆಯುವ ಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಚೆನ್ನಾಗಿ ಕಟ್ಟಿದ ಇನ್ನೊಂದು ಚಕ್ರ ಪಕ್ಕದಲ್ಲಿಟ್ಟುಕೊಂಡು ಕಡ್ಡಿ ಮೀಟಿ ನೋಡಿ, ತಂಬೂರಿ ಶ್ರುತಿ ಮಾಡುವ ಹಾಗೆ. ಅದೇ ದಪ್ಪ, ಅದೇ ಉದ್ದದ ಕಡ್ಡಿಯಾದರೆ ನಾದವೂ ಒಂದೇ ಬರಬೇಕು. ಗೊಗ್ಗರು ದನಿ ಬಂದ ಕಡ್ಡಿ ಸಡಿಲ. ಕೊನೆಗೆ ಅಕ್ಕಪಕ್ಕ ಸಮಾನಾಂತರ ಹೋಗುವ ಎರಡೆರಡು ಕಡ್ಡಿಯನ್ನು ಕೈಯಲ್ಲಿ ಹಿಡಿದು ಬಲವಾಗಿ ಹಿಸುಕಿ, ಸುತ್ತಲೂ. ಟಿಣ್ ಟಿಣ್ ಅಂತ ಸದ್ದು ಬಂದರೆ ಹೆದರಬೇಡಿ, ತಿರುಚಿಕೊಂಡಿದ್ದ ಕಡ್ಡಿ ಬಿಚ್ಚಿಕೊಳ್ಳುವುದು ಅದು. ಮತ್ತೆ ಬೆಂಡ್ ನೋಡಿ. ಈ ಹಿಸುಕುವ ಕೆಲಸ ಬಿಟ್ಟ ಚಕ್ರ ಮೊದಲ ವಾರದಲ್ಲೇ ಕುಣಿಯಲು ಶುರು ಮಾಡುತ್ತದೆ.

ಬ್ರೇಕ್: ಮುಂದೆ ಒಂದು ಇರಲೇಬೇಕು. ಇದರಲ್ಲಿ ಚರ್ಚೆ ಇಲ್ಲ. ಸೈಕಲ್ ನಿಲ್ಲಿಸುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಕಾಲಿನಲ್ಲಿ ಎಷ್ಟೇ ಶಕ್ತಿ ಇದ್ದರೂ ಹಗುರವಾದ ಚಕ್ರ ಜಾರುತ್ತದೆಯೇ ಹೊರತು ಹಿಡಿಯುವುದಿಲ್ಲ. ಜತೆಗೆ ಚೈನು ಕಿತ್ತುಹೋದ ದಿನ ಕಾಲಿನಿಂದ ಏನೂ ಮಾಡುವ ಹಾಗಿಲ್ಲ. ಟ್ರ್ಯಾಕ್ ಸೈಕಲಿಗೆ ಬ್ರೇಕ್ ಇರುವುದಿಲ್ಲ ಅಂತೀರಾ? ಟ್ರ್ಯಾಕಿನಲ್ಲಿ ಎದುರಿಗೆ ಬಸ್ಸೂ ಬರುವುದಿಲ್ಲ. ಕಪ್ಪು ಕೇಬಲ್, ಸಣ್ಣ ಲಿವರ್ ಹಾಕಿದರೆ ಕಣ್ಣಿಗೂ ಕಾಣುವುದಿಲ್ಲ.

ಪಾದವನ್ನು ಪೆಡಲಿಗೆ ಹಿಡಿದಿಡುವ ಪಟ್ಟಿ ಹಾಕಿಸಿಕೊಳ್ಳಿ. ಕಾಲು ಜಾರಿದರೆ ತಿರುಗುವ ಪೆಡಲ್ ಮೊಣಕಾಲಿನ ಕೆಳಗೆ ಬಡಿಯುತ್ತದೆ. ತಿರುವಿನಲ್ಲೂ ಪೆಡಲ್ ತಿರುಗುತ್ತಲೇ ಇರುವುದರಿಂದ ನೆಲಕ್ಕೆ ತಾಗುವ ಭಯ ಇದೆ, 165 ಮಿ.ಮೀ.ನ ಗಿಡ್ಡ ಕ್ರ್ಯಾಂಕ್ ಸಿಕ್ಕರೆ ವಾಸಿ.

ಇನ್ನು ಬಣ್ಣ. ಮೊದಲು ಸೈಕಲ್ ಪೂರ್ತಿ ಜೋಡಿಸಿ, ಹಳೆಯ ಬಣ್ಣದಲ್ಲೇ ಎರಡು ವಾರ ಓಡಿಸಿ. ಯಾವ ವಾಷರ್ ಬೇಕು, ಯಾವ ತೂತು ಉಜ್ಜಬೇಕು, ಎಲ್ಲ ಆಗ ಗೊತ್ತಾಗುತ್ತದೆ. ಬಣ್ಣ ಹೊಡೆದ ಮೇಲೆ ಅರ ಹಾಕಿದರೆ ಹೊಟ್ಟೆ ಉರಿಯುತ್ತದೆ. ಆಮೇಲೆ ಎಲ್ಲ ಬಿಚ್ಚಿ. ಬಾಟಮ್ ಬ್ರಾಕೆಟ್ ಬಿಚ್ಚುವಾಗ ನೆನಪಿಡಿ, ಬಹುತೇಕ ಸೈಕಲುಗಳಲ್ಲಿ ಚೈನಿನ ಕಡೆಯ ಕಪ್ ಉಲ್ಟಾ ಥ್ರೆಡ್.

ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದನ್ನು ಉಜ್ಜಿ ಪುಡಿ ಎಬ್ಬಿಸಬೇಡಿ, ನೀರು ಹಾಕಿ ಉಜ್ಜಿ, ಅಥವಾ ಕೈಗವಸು ಹಾಕಿ ಪೇಂಟ್ ರಿಮೂವರ್ ಬಳಸಿ. ಬಣ್ಣ ಹೋದ ಮೇಲೆ ಫ್ರೇಮನ್ನು ಬೆಳಕಿಗೆ ಹಿಡಿದು ನೋಡಿ. ತಲೆಯಿಂದ ಕೆಳಗಿಳಿಯುವ ಪೈಪಿನ ಅಡಿಯಲ್ಲಿ ಉಬ್ಬು ಕಂಡರೆ ಆ ಸೈಕಲ್ ಹಿಂದೊಮ್ಮೆ ಎಲ್ಲೋ ಗುದ್ದಿದೆ. ಬೆಸುಗೆ ಪಕ್ಕದಲ್ಲಿ ಕೂದಲಿನಂಥ ಗೆರೆ ಕಂಡರೆ ಬಿರುಕು. ಎರಡಕ್ಕೂ ಬಣ್ಣ ಔಷಧವಲ್ಲ.

ಬರಿಮೈ ಸ್ಟೀಲ್ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯಬಹುದು. ಸ್ಪಿರಿಟ್‌ನಲ್ಲಿ ಒರೆಸಿ, ಬರಿಗೈಯಲ್ಲಿ ಮುಟ್ಟದೆ, ಅದೇ ದಿನ ಪ್ರೈಮರ್ ಹೊಡೆಯಿರಿ. ಫ್ರೇಮಿಗೆ ಕ್ರೋಮ್ ಇದ್ದ ಕಡೆ ಚೆನ್ನಾಗಿ ಒರಟು ಮಾಡಿ ಲೋಹವನ್ನು ಕಚ್ಚುವ ಎಚ್ (etch) ಪ್ರೈಮರ್ ಹಾಕದಿದ್ದರೆ ಬಣ್ಣ ಸಿಪ್ಪೆಯ ಹಾಗೆ ಏಳುತ್ತದೆ. ಪ್ರೈಮರ್ ಒಣಗಿದ ಮೇಲೆ 400ರ ಎಮರಿ ಪೇಪರಿನಲ್ಲಿ ನೀರು ಹಾಕಿ ನುಣುಪು ಮಾಡಿ.

ಡಬ್ಬಿಯನ್ನು ಒಂದು ಗೇಣಿನಷ್ಟು ದೂರ ಹಿಡಿಯಿರಿ. ಸ್ಪ್ರೇ ಪೈಪಿನ ಆಚೆಯಿಂದಲೇ ಶುರುವಾಗಿ ಪೈಪು ದಾಟಿದ ಮೇಲೆ ನಿಲ್ಲಬೇಕು. ಸಂದಿಗಳಿಗೆ ಮೊದಲು, ಉದ್ದ ಪೈಪಿಗೆ ಆಮೇಲೆ. ಮೊದಲ ಪದರ ಮಂಜಿನ ಹಾಗಿರಲಿ, ಅಡಿ ಬಣ್ಣ ಕಾಣುತ್ತಿರಲಿ. ಒಂದೇ ಸಲಕ್ಕೆ ಮುಚ್ಚಲು ಹೋದವರ ಫ್ರೇಮಿನಲ್ಲೇ ಬಣ್ಣ ಕಣ್ಣೀರಿನ ಹಾಗೆ ಇಳಿಯುವುದು. ಮೂರು ನಾಲ್ಕು ತೆಳು ಪದರ ಸಾಕು. ಎರಡನೇ ಪದರ ಯಾವಾಗ ಹೊಡೆಯಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತದೆ, ದಯವಿಟ್ಟು ಓದಿ. ಆ ಹೊತ್ತು ಮೀರಿದ ಮೇಲೆ, ಕೆಳಗಿನದು ಪೂರ್ತಿ ಒಣಗುವ ಮುಂಚೆ ಹೊಡೆದರೆ ಕೆಳಗಿನ ಬಣ್ಣ ಹಪ್ಪಳದ ಹಾಗೆ ಸುಕ್ಕುಗಟ್ಟುತ್ತದೆ. ಮಳೆಯ ತೇವದ ದಿನ ಹೊಡೆಯಬೇಡಿ, ಬಿಳಿ ಮಂಕು ಕೂರುತ್ತದೆ.

ಬಾಳಿಕೆ ಕೇಳಿದಿರಿ. ಮಾಮೂಲಿ ಸ್ಪ್ರೇ ಬಣ್ಣ ಮುಟ್ಟಲು ಒಣಗಿದರೂ ಒಳಗೆ ಗಟ್ಟಿಯಾಗಲು ವಾರಗಳು ಬೇಕು. ಅಲ್ಲಿಯವರೆಗೆ ಜೋಡಿಸದಿದ್ದರೆ ಪರವಾಗಿಲ್ಲ ಅನ್ನುವಷ್ಟು ಬಾಳುತ್ತದೆ, ಆದರೆ ಗೋಡೆಗೆ ಒರಗಿಸಿದಾಗಲೆಲ್ಲ ಗೀರು ಬೀಳುತ್ತದೆ. ಎರಡು ಭಾಗ ಬೆರೆಸುವ ಟೂ-ಕೆ ಕ್ಲಿಯರ್ ಕೋಟ್ ನಿಜಕ್ಕೂ ಗಟ್ಟಿ. ಅದರಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅದನ್ನು ಪೇಂಟಿಂಗ್ ಬೂತ್ ಇರುವವರಿಗೇ ಬಿಡಿ. ದಿನಾ ಓಡಿಸುವ ಸೈಕಲಿಗೆ ನನ್ನ ಆಯ್ಕೆ ಪೌಡರ್ ಕೋಟಿಂಗ್. ಪುಡಿ ಅಂಟಿಸಿ ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಸ್ಟೀಲ್ ಫ್ರೇಮಿಗೆ ಅದು ಏನೂ ಅಲ್ಲ. ಅಂಟಿನಲ್ಲಿ ಕೂಡಿಸಿದ ಫ್ರೇಮನ್ನು, ಕಾರ್ಬನ್ನನ್ನು ಮಾತ್ರ ಆ ಒಲೆಗೆ ಹಾಕಬಾರದು.

ಯಾವ ಬಣ್ಣವಾದರೂ ಸರಿ, ಬಾಟಮ್ ಬ್ರಾಕೆಟ್ಟಿನ ಥ್ರೆಡ್, ಹ್ಯಾಂಡಲ್ ತಿರುಗುವ ಬೇರಿಂಗ್ ಅಂದರೆ ಹೆಡ್‌ಸೆಟ್ ಕೂರುವ ಅಂಚು, ಸೀಟ್ ಪೈಪಿನ ಒಳಗು, ಇವನ್ನೆಲ್ಲ ಟೇಪಿನಲ್ಲಿ ಮುಚ್ಚಿ. ಡ್ರಾಪ್‌ಔಟಿನ ಎರಡೂ ಮುಖಗಳನ್ನೂ ಮುಚ್ಚಿ, ನಟ್ಟು ಬರಿ ಲೋಹವನ್ನೇ ಕಚ್ಚಬೇಕು. ನನ್ನ ಕತೆ ಆಗಲೇ ಹೇಳಿದೆನಲ್ಲ.

ಕಿತ್ತಳೆ ರಿಮ್ ಬಗ್ಗೆ ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಮುಂದೆ ಬ್ರೇಕ್ ಇರುತ್ತದಲ್ಲ, ಅದರ ರಬ್ಬರ್ ಉಜ್ಜುವ ಪಟ್ಟಿಯ ಮೇಲೆ ಯಾವ ಬಣ್ಣವೂ ನಿಲ್ಲುವುದಿಲ್ಲ. ಕೆಲವು ದಿನದಲ್ಲೇ ತೇಪೆ ತೇಪೆಯಾಗಿ ಏಳುತ್ತದೆ, ಅಷ್ಟು ದಿನ ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ. ಮುಂದಕ್ಕೆ ಬದಿ ಉಜ್ಜಿ ಹೊಳಪು ಮಾಡಿದ ಬೆಳ್ಳಿ ರಿಮ್ಮನ್ನೇ ತೆಗೆದುಕೊಳ್ಳಿ. ಕಿತ್ತಳೆ ಹಿಂದಿನ ಚಕ್ರಕ್ಕಿರಲಿ. ಮಾಸಲು ಹಸಿರಿಗೆ ಒಂದೇ ಕಿತ್ತಳೆ ಚಕ್ರ, ಎರಡಕ್ಕಿಂತ ಚೆನ್ನಾಗಿಯೇ ಕಾಣುತ್ತದೆ ಅಂತ ನನ್ನ ಅನಿಸಿಕೆ.